ದುಡ್ಡು ಹೋಯ್ತು, ಆರ್ಡರ್ ಕಾಣಲ್ಲ: ನಮ್ಮ ಸೈಟಿನ ಎರರ್‌ಗಳನ್ನು ಹದಕ್ಕೆ ತಂದದ್ದು

ಮಾರಾಟದ ಸೈಟಿನಲ್ಲಿ ಪೇಮೆಂಟ್ ಅಂದರೆ ಎರಡೇ ಬಗೆ ಅಂದುಕೊಂಡು ಹೆಚ್ಚಿನವರು ಕೋಡ್ ಬರೆಯುತ್ತಾರೆ: ಆಯ್ತು, ಇಲ್ಲವೇ ಆಗಲಿಲ್ಲ. ಯುಪಿಐ ಜೊತೆ ಕೆಲಸ ಮಾಡಿದವರಿಗೆ ಮೂರನೆಯದೂ ಗೊತ್ತು. ದುಡ್ಡು ಗ್ರಾಹಕರ ಖಾತೆಯಿಂದ ಹೋಗಿರುತ್ತದೆ, ನಮಗೆ ಸುದ್ದಿ ಬಂದಿರುವುದಿಲ್ಲ. ಆ ಮೂರನೆಯದಕ್ಕೆ ಡೇಟಾಬೇಸಿನಲ್ಲಿ ಒಂದು ಜಾಗ ಕೊಟ್ಟು, ಅದಕ್ಕೇ ಅಂತ ಒಂದು ಪುಟ ಕಟ್ಟಿದ ಮೇಲೆ ನಮ್ಮ ತಲೆನೋವು ಮುಕ್ಕಾಲು ಪಾಲು ಇಳಿಯಿತು. ಇದರಿಂದ ಏನೂ ಆಗಲ್ಲ ಅಂದವರೇ ಜಾಸ್ತಿ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಸೈಟ್ ಸಾಗರದ ಕಡೆಯ ಒಂದು ಮಹಿಳಾ ಗುಂಪಿನದು. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಹಲಸಿನ ಹಪ್ಪಳ, ಜೇನುತುಪ್ಪ. ಕೊಳ್ಳುವವರು ಬಹುಪಾಲು ಬೆಂಗಳೂರಿನವರು. ಬೇರೆಯವರು ಕಟ್ಟಿದ್ದ ಸೈಟ್ ನನ್ನ ಕೈಗೆ ಬಂದಾಗ ಜಾವಾಸ್ಕ್ರಿಪ್ಟನ್ನು ಸರ್ವರಿನಲ್ಲಿ ಓಡಿಸುವ ನೋಡ್, ಅದರ ಮೇಲೆ ಸೈಟ್ ಕಟ್ಟುವ ಚೌಕಟ್ಟು ಎಕ್ಸ್‌ಪ್ರೆಸ್ 4, ಹಿಂದೆ ಮೈಎಸ್‌ಕ್ಯೂಎಲ್ ಡೇಟಾಬೇಸ್, ಮುಂದೆ ಗ್ರಾಹಕರ ವಿನಂತಿಯನ್ನು ಮೊದಲು ಹಿಡಿದು ಒಳಗೆ ದಾಟಿಸುವ ಎನ್‌ಜಿನ್‌ಎಕ್ಸ್. ಏಪ್ರಿಲ್, ಮೇ ಬಂದರೆ ತಿಂಗಳಿಗೆ ನಾಲ್ಕೈದು ಲಕ್ಷದ ವ್ಯಾಪಾರ. ಎರರ್‌ಗಳೂ ಅದೇ ಹೊತ್ತಿಗೆ ಬರುತ್ತಿದ್ದವು.

ನಷ್ಟ ಎಲ್ಲಿ ಆಗುತ್ತಿತ್ತು ಅಂದರೆ, ಗ್ರಾಹಕರು ದುಡ್ಡು ಕಟ್ಟುತ್ತಾರೆ, ಪುಟ ಸುತ್ತುತ್ತದೆ, ಕೊನೆಗೆ 504 ಕಾಣುತ್ತದೆ, ಅಂದರೆ ಒಳಗಿನಿಂದ ಉತ್ತರ ಹೊತ್ತಿಗೆ ಸರಿಯಾಗಿ ಬರಲಿಲ್ಲ ಅನ್ನುವ ಎರರ್. ಅವರು ಹಿಂದಕ್ಕೆ ಹೋಗಿ ಮತ್ತೆ ಕಟ್ಟುತ್ತಾರೆ. ಒಂದು ಸೀಸನ್ನಿನಲ್ಲಿ ಹೀಗೆ ಎರಡೆರಡು ಸಲ ಕಟ್ಟಿದವರು 60–70 ಜನ ಇದ್ದರು. ರೀಫಂಡ್ ಮಾಡಬೇಕು. ನಮ್ಮ ಒಪ್ಪಂದದ ಪ್ರಕಾರ ರೀಫಂಡ್ ಮಾಡಿದರೂ ಗೇಟ್‌ವೇ (ನಮಗೂ ಬ್ಯಾಂಕಿಗೂ ನಡುವೆ ಪೇಮೆಂಟ್ ನಡೆಸಿಕೊಡುವ ಕಂಪನಿ) ತನ್ನ ಶುಲ್ಕ ವಾಪಸ್ ಕೊಡುವುದಿಲ್ಲ. ಫೋನ್ ಎತ್ತುವುದಕ್ಕೇ ಒಬ್ಬರನ್ನು ತಿಂಗಳಿಗೆ 12 ಸಾವಿರ ಕೊಟ್ಟು ಇಟ್ಟುಕೊಂಡಿದ್ದರು. ಸಿಟ್ಟಾಗಿ ಆರ್ಡರ್ ಬಿಟ್ಟವರ ಲೆಕ್ಕವನ್ನೂ ಸೇರಿಸಿದರೆ ಸೀಸನ್ನಿಗೆ 50 ಸಾವಿರದ ಆಸುಪಾಸು ಹೋಗುತ್ತಿತ್ತು.

ಮೊದಲು ಬಂದ ಸಲಹೆ ದೊಡ್ಡ ಸರ್ವರ್ ತಗೊಳ್ಳಿ ಅನ್ನುವುದು. ತಗೊಂಡೆವು. ತಿಂಗಳಿಗೆ 1,800 ಇದ್ದದ್ದು 3,800 ಆಯಿತು. 504 ಒಂದೂ ಕಡಿಮೆಯಾಗಲಿಲ್ಲ. ನಮ್ಮ ಸಿಪಿಯು ಸುಮ್ನೆ ಕೂತಿತ್ತು, ಕಾಯುತ್ತಿದ್ದದ್ದು ಗೇಟ್‌ವೇ ಉತ್ತರಕ್ಕೆ. ಎನ್‌ಜಿನ್‌ಎಕ್ಸ್‌ನ ಪ್ರಾಕ್ಸಿ ರೀಡ್ ಟೈಮ್‌ಔಟ್, ಅಂದರೆ ಒಳಗಿನ ಉತ್ತರಕ್ಕೆ ಅದು ಕಾಯುವ ಹೊತ್ತು, ತಾನಾಗಿ 60 ಸೆಕೆಂಡ್ ಇರುತ್ತದೆ. ಅದನ್ನು 180ಕ್ಕೆ ಏರಿಸಿ ನೋಡಿದೆವು. ಇನ್ನೂ ಕೆಟ್ಟಿತು. ಮೊಬೈಲ್ ಹಿಡಿದವರು ಮೂರು ನಿಮಿಷ ಯಾಕೆ ಕಾಯುತ್ತಾರೆ, ಅಲ್ವಾ?

ಆಮೇಲೆ ರೀಟ್ರೈ. ಟೈಮ್‌ಔಟ್ ಆದರೆ ನಮ್ಮ ಕೋಡೇ ಮತ್ತೆ ಮೂರು ಸಲ ಕೇಳುವ ಹಾಗೆ ಹಾಕಿದೆವು. ಪರೀಕ್ಷೆಯಲ್ಲಿ ಚೆನ್ನಾಗಿತ್ತು. ನಿಜವಾದ ಸಂತೆಯಲ್ಲಿ ಒಂದೇ ಆರ್ಡರಿಗೆ ಗೇಟ್‌ವೇಯಲ್ಲಿ ಮೂರು ಪೇಮೆಂಟ್ ಲಿಂಕ್ ಹುಟ್ಟಿದವು. ಎನ್‌ಜಿನ್‌ಎಕ್ಸ್ ಕೂಡ 1.9.13 ಆವೃತ್ತಿಯಿಂದ, ಒಮ್ಮೆ ಸರ್ವರಿಗೆ ಹೋದ ಪೋಸ್ಟ್ ವಿನಂತಿಯನ್ನು (ಆರ್ಡರ್ ಕಳಿಸುವಂಥದ್ದು) ತಾನಾಗಿ ಇನ್ನೊಂದು ಸರ್ವರಿಗೆ ದಾಟಿಸುವುದಿಲ್ಲ. ಅದಕ್ಕೆ ಕಾರಣ ಇದೇ: ಒಂದೇ ಕೆಲಸ ಎರಡು ಸಲ ಆಗಿಬಿಡಬಹುದು.

ಇಲ್ಲಿಂದ ದಾರಿ ಸಿಕ್ಕಿತು. ಚೆಕ್‌ಔಟ್ ಪುಟ ತೆರೆದ ಕೂಡಲೇ ಬ್ರೌಸರಿನಲ್ಲೇ ಒಂದು ಕೀ, ಅಂದರೆ ಆ ಖರೀದಿಗೆ ಮಾತ್ರ ಸೇರಿದ ಗುರುತು, ಹುಟ್ಟಿಸುತ್ತೇವೆ. ಸರ್ವರಿನಲ್ಲಿ ಹುಟ್ಟಿಸಿದರೆ ಏನೂ ಉಪಯೋಗವಿಲ್ಲ, ಪ್ರತಿ ಒತ್ತಿಗೂ ಹೊಸದು ಬರುತ್ತದೆ. ಆ ಕೀಗೆ ಆರ್ಡರ್ ಟೇಬಲಿನಲ್ಲಿ ಯುನೀಕ್ ಇಂಡೆಕ್ಸ್: ಒಂದೇ ಕೀ ಎರಡು ಸಲ ಸೇರಲು ಬಿಡದ ನಿಯಮ. ಗ್ರಾಹಕರು ಎಷ್ಟು ಸಲ ಒತ್ತಿದರೂ ಎರಡನೆಯ ಸಲ ಡೇಟಾಬೇಸ್ 1062 ಎರರ್ ಕೊಡುತ್ತದೆ. ಅದನ್ನು ಹಿಡಿದು, ಇರುವ ಹಳೇ ಆರ್ಡರನ್ನೇ ತಿರುಗಿ ತೋರಿಸುತ್ತೇವೆ. ಮೊದಲು ಹುಡುಕಿ, ಇಲ್ಲದಿದ್ದರೆ ಸೇರಿಸುವ ಕ್ರಮ ಬೇಡ. ಎರಡು ಒತ್ತು ಒಟ್ಟಿಗೆ ಬಂದರೆ ಎರಡೂ ಒಳಗೆ ನುಗ್ಗುತ್ತವೆ. ಇಂಡೆಕ್ಸಿಗೇ ಕಾವಲು ಕೊಡಿ.

ಈಗ ಮೂರನೆಯ ಸ್ಥಿತಿಯ ಪುಟ. ಗುಂಪಿನ ಲೆಕ್ಕ ನೋಡುವ ಅಕ್ಕ ಕೇಳಿದ್ದರು, "ತಪ್ಪು ತೋರಿಸೋ ಪುಟಕ್ಕೂ ದುಡ್ಡು ಕೊಡ್ಬೇಕಾ ತಮ್ಮಾ?" ಬೆಂಗಳೂರಿನ ಗೆಳೆಯನೊಬ್ಬ, ದೊಡ್ಡ ಕಂಪನಿಯಲ್ಲಿ ಇರುವವನು, ಗ್ರಾಹಕರಿಗೆ 'ಗೊತ್ತಿಲ್ಲ' ಅಂದರೆ ನಂಬಿಕೆ ಹೋಗುತ್ತದೆ ಅಂದ. ಹೋಗಲಿಲ್ಲ, ಬೆಳೆಯಿತು. ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಮೊದಲ ಸಾಲು: "ಮತ್ತೆ ಹಣ ಕಟ್ಟಬೇಡಿ." ಅದರ ಕೆಳಗೆ: "ನಿಮ್ಮ ಆರ್ಡರ್ ನಮ್ಮಲ್ಲಿ ಇದೆ. ಹಣ ಬಂದ ಸುದ್ದಿ ಬ್ಯಾಂಕಿನಿಂದ ಇನ್ನೂ ಬಂದಿಲ್ಲ. ಬಂದ ಕೂಡಲೇ ಎಸ್‌ಎಂಎಸ್ ಮಾಡುತ್ತೇವೆ. ಈ ಪುಟ ಮುಚ್ಚಿದರೂ ತೊಂದರೆ ಇಲ್ಲ." ಕೊನೆಯ ಸಾಲು ಮುಖ್ಯ. ಅದನ್ನು ಹಾಕುವ ಮುಂಚೆ ಜನ ಪುಟವನ್ನು ರೀಫ್ರೆಶ್ ಮಾಡುತ್ತಲೇ ಇರುತ್ತಿದ್ದರು.

ಇನ್ನೊಂದು ಸಾಲು ಆಮೇಲೆ ಸೇರಿತು. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಸುತ್ತೋಲೆ ಇದೆ. ಯುಪಿಐಯಲ್ಲಿ ಖಾತೆಯಿಂದ ಹಣ ಕಡಿತವಾಗಿ ಅಂಗಡಿಯವರಿಗೆ ಖಾತರಿ ಬರದಿದ್ದರೆ, ವ್ಯವಹಾರದ ದಿನದ ನಂತರ 5 ದಿನದ ಒಳಗೆ ಹಣ ತಾನಾಗಿ ವಾಪಸ್ ಆಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನು ಸರಳವಾಗಿ ಪುಟದಲ್ಲಿ ಬರೆದ ಮೇಲೆ ಫೋನ್ ಕರೆಗಳ ದನಿಯೇ ಬದಲಾಯಿತು. ಮುಂಚೆ "ನನ್ನ ದುಡ್ಡು ಎಲ್ಲಿ?" ಅನ್ನುತ್ತಿದ್ದರು. ಈಗ "ಐದು ದಿನ ನೋಡ್ತೀನಿ" ಅನ್ನುತ್ತಾರೆ.

ಹಿಂಬದಿಯಲ್ಲಿ ಎರಡು ಕೆಲಸ ನಡೆಯುತ್ತದೆ. ಒಂದು, ಗೇಟ್‌ವೇಯ ವೆಬ್‌ಹುಕ್, ಅಂದರೆ ಪೇಮೆಂಟ್ ಏನಾಯಿತು ಅಂತ ಅದು ತಾನಾಗಿ ನಮ್ಮ ಸರ್ವರಿಗೆ ಕಳಿಸುವ ಸುದ್ದಿ. ಸುದ್ದಿ ಗೇಟ್‌ವೇಯದ್ದೇ ಅಂತ ತೋರಿಸುವ ಸಹಿ ನೋಡಿ, ಟೇಬಲಿಗೆ ಬರೆದು, ತಕ್ಷಣ 200 (ಎಲ್ಲ ಸರಿ ಅನ್ನುವ ಸ್ಟೇಟಸ್) ಕೊಟ್ಟುಬಿಡಿ, ಉಳಿದದ್ದು ಆಮೇಲೆ. ಅದು ಎರಡು ಸಲ ಬರುತ್ತದೆ, ಹಿಂದುಮುಂದಾಗಿ ಬರುತ್ತದೆ, ಕೆಲವು ಸಲ ಗ್ರಾಹಕರು ನಮ್ಮ ಪುಟಕ್ಕೆ ವಾಪಸ್ ಬರುವ ಮುಂಚೆಯೇ ಬರುತ್ತದೆ. ಇನ್ನೊಂದು, ನಾವೇ ಹೋಗಿ ಗೇಟ್‌ವೇಯನ್ನು ಕೇಳುವುದು. ವೆಬ್‌ಹುಕ್ ಒಂದನ್ನೇ ನಂಬಿದರೆ ಸೀಸನ್ನಿನಲ್ಲಿ ಹತ್ತಿಪ್ಪತ್ತು ಆರ್ಡರ್ ನೇತಾಡುತ್ತವೆ. ಎಷ್ಟು ಹೊತ್ತಿಗೆ ಒಮ್ಮೆ ಕೇಳಬೇಕು, ಯಾವ ಆರ್ಡರನ್ನು ಮೊದಲು ಕೇಳಬೇಕು ಅನ್ನುವ ಲೆಕ್ಕ ನಾನು ಎರಡು ಸೀಸನ್ ಕೂತು ತೆಗೆದದ್ದು. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ. ಇಷ್ಟು ಹೇಳುತ್ತೇನೆ: ಎಲ್ಲಕ್ಕೂ ಒಂದೇ ಅಂತರ ಇಡಬೇಡಿ, ಮತ್ತು ಅಂತರದಲ್ಲಿ ಸ್ವಲ್ಪ ಏರುಪೇರು ಬೆರೆಸಿ. ಇಲ್ಲದಿದ್ದರೆ ಬಿದ್ದಿದ್ದ ಗೇಟ್‌ವೇ ಮತ್ತೆ ಎದ್ದ ಕ್ಷಣವೇ ಎಲ್ಲ ವಿನಂತಿಗಳೂ ಒಟ್ಟಿಗೆ ಹೋಗಿ ಅದರ ಮೇಲೆ ಬೀಳುತ್ತವೆ.

504ಕ್ಕೆ ಇನ್ನೊಂದು ಮೂಲವೂ ಇತ್ತು, ಅದು ನಮ್ಮ ಮನೆಯೊಳಗಿನದು. ಎಕ್ಸ್‌ಪ್ರೆಸ್ 4ರಲ್ಲಿ ಅಸಿಂಕ್ ಹ್ಯಾಂಡ್ಲರ್ (ಬೇರೆ ಕಡೆಯ ಉತ್ತರಕ್ಕೆ ಕಾಯುತ್ತಾ ವಿನಂತಿ ನಡೆಸುವ ಕೋಡ್) ಒಳಗೆ ಎರರ್ ಎದ್ದರೆ ಅದು ಎರರ್ ಮಿಡಲ್‌ವೇರ್ (ಎರರ್‌ಗಳನ್ನು ಒಂದೆಡೆ ಹಿಡಿದು ಉತ್ತರ ಕೊಡುವ ಕೋಡ್) ಹತ್ತಿರ ತಾನಾಗಿ ಹೋಗುವುದೇ ಇಲ್ಲ. ನೋಡ್ 15ರಿಂದ ಮುಂದೆ ಹೀಗೆ ಯಾರೂ ಹಿಡಿಯದ ಎರರ್ (ರಿಜೆಕ್ಷನ್) ಇಡೀ ಪ್ರೊಸೆಸನ್ನೇ, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನೇ, ಬೀಳಿಸುತ್ತದೆ. ಈ ಸೈಟಿನಲ್ಲಿ ಬೀಳದ ಹಾಗೆ ಅಂಥ ಎರರ್ ಹಿಡಿಯುವ ಒಂದು ಲಿಸನರ್ ಹಾಕಿ, ಲಾಗ್‌ನಲ್ಲಿ (ಸರ್ವರಿನ ದಾಖಲೆಯಲ್ಲಿ) ಬರೆದು ಬಿಟ್ಟಿದ್ದರು. ಪ್ರೊಸೆಸ್ ಬೀಳುತ್ತಿರಲಿಲ್ಲ, ಗ್ರಾಹಕರು ಮಾತ್ರ 60 ಸೆಕೆಂಡ್ ಬಿಳಿ ಪರದೆ ನೋಡುತ್ತಾ ಕೂರುತ್ತಿದ್ದರು. ಎಲ್ಲ ಹ್ಯಾಂಡ್ಲರಿಗೂ ಒಂದು ಹೊದಿಕೆ ಹಾಕಿ, ಸಿಕ್ಕಿದ ಎರರನ್ನು ಆ ಮಿಡಲ್‌ವೇರಿಗೆ ಕಳಿಸಿದೆ. ಅರ್ಧ ದಿನದ ಕೆಲಸ. ಎಕ್ಸ್‌ಪ್ರೆಸ್ 5 ಇದನ್ನು ತಾನೇ ಮಾಡುತ್ತದೆ, ಈಗ ಅದಕ್ಕೆ ಹೋಗಿದ್ದೇವೆ.

ಪ್ರೊಸೆಸ್ ಸತ್ತಾಗ ಕಾಣುವ ಪುಟವನ್ನು ಎನ್‌ಜಿನ್‌ಎಕ್ಸೇ ಕೊಡಬೇಕು. ಒಂದೇ ಎಚ್‌ಟಿಎಂಎಲ್ ಫೈಲ್, ಸಿಎಸ್‌ಎಸ್ ಅದರೊಳಗೇ, ಜೊತೆಗೆ ಗುಂಪಿನ ಫೋನ್ ನಂಬರ್. ಸರ್ವರ್ ಸಿಗುತ್ತಿಲ್ಲ ಅನ್ನುವ ಸ್ಟೇಟಸ್ 502, 503 ಹಾಗೇ ಇರಲಿ. ನೋಡಲು ಚೆನ್ನಾಗಿರಲಿ ಅಂತ ಅದನ್ನು 200 ಮಾಡುವವರನ್ನು ನೋಡಿದ್ದೇನೆ. ಆಗ ಕಾವಲು ಕಾಯುವ ಮಾನಿಟರ್ ಎಲ್ಲ ಸರಿಯಿದೆ ಅನ್ನುತ್ತದೆ, ಸರ್ಚ್ ಎಂಜಿನ್ ಆ ಕ್ಷಮಾಪಣೆಯನ್ನೇ ನಿಮ್ಮ ಉಪ್ಪಿನಕಾಯಿಯ ಪುಟ ಅಂತ ಓದಿಕೊಳ್ಳುತ್ತದೆ.

ಕನ್ನಡದಲ್ಲಿ ವಿಳಾಸ ಬರೆಯುವವರಿಂದ ಬಂದ ಎರರ್‌ಗಳ ಕತೆಯೇ ಬೇರೆ. ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ. ಹಳೇ ಟೇಬಲ್ ಮೈಎಸ್‌ಕ್ಯೂಎಲ್‌ನ ಯುಟಿಎಫ್8 ಹೆಸರಿನ ಅಕ್ಷರಗಳ ಸೆಟ್‌ನಲ್ಲಿತ್ತು. ಅದು ಒಂದು ಚಿಹ್ನೆಗೆ 3 ಬೈಟ್ ಮಾತ್ರ ಹಿಡಿಯುತ್ತದೆ. ಕನ್ನಡದ ಪ್ರತಿ ಚಿಹ್ನೆಗೂ ಬೇಕಾದದ್ದು ಸರಿಯಾಗಿ 3. ಹಾಗಾಗಿ ಕನ್ನಡ ಹಾಕಿ ಪರೀಕ್ಷೆ ಮಾಡಿದರೆ ಎಲ್ಲ ಪಾಸು. ಒಬ್ಬರು ವಿಳಾಸದ ಕೊನೆಗೆ ಕೈಮುಗಿಯುವ ಎಮೋಜಿ ಹಾಕಿದರು, ಅದಕ್ಕೆ ಬೇಕಾದದ್ದು 4. ಡೇಟಾಬೇಸಿನಲ್ಲಿ 1366 ಎರರ್, ಗ್ರಾಹಕರಿಗೆ 500, ಅಂದರೆ ಸರ್ವರಿನ ಒಳಗೇ ತಪ್ಪಾಯಿತು ಅನ್ನುವ ಪುಟ. 4 ಬೈಟ್ ಹಿಡಿಯುವ ಯುಟಿಎಫ್8ಎಂಬಿ4ಗೆ ಬದಲಾಯಿಸಿದೆವು.

ಹೆಸರಿಗೆ 20 ಅಕ್ಷರದ ಮಿತಿ ಇತ್ತು. ಲಕ್ಷ್ಮೀನಾರಾಯಣ ಅಂದರೆ ನಮಗೆ 6 ಅಕ್ಷರ, ಕಾಗುಣಿತ, ಒತ್ತುಗಳನ್ನು ಬೇರೆ ಬೇರೆ ಎಣಿಸುವ ಜಾವಾಸ್ಕ್ರಿಪ್ಟಿಗೆ 13. ಜೊತೆಗೆ ಅಪ್ಪನ ಹೆಸರು ಬರೆದರೆ 'ಹೆಸರು ಉದ್ದವಾಗಿದೆ' ಅಂತ ಕೆಂಪು ಸಾಲು. ಮಿತಿಯನ್ನು 100ಕ್ಕೆ ಏರಿಸಿದೆ. ಪಿನ್‌ಕೋಡನ್ನು ಕೆಲವು ಹಿರಿಯರು ೫೭೭೪೦೧ ಅಂತ ಕನ್ನಡ ಅಂಕಿಯಲ್ಲೇ ಬರೆಯುತ್ತಾರೆ. ಅಂಕಿ ಹುಡುಕುವ ಜಾವಾಸ್ಕ್ರಿಪ್ಟಿನ ಮಾಮೂಲಿ ರೆಜೆಕ್ಸ್ (ಬರೆದದ್ದು ಸರಿಯಾದ ಮಾದರಿಯಲ್ಲಿದೆಯಾ ಅಂತ ನೋಡುವ ಸೂತ್ರ) ಅದನ್ನು ಅಂಕಿ ಅಂತ ಒಪ್ಪುವುದಿಲ್ಲ. ವರದಿ ತೆಗೆಯುವ ನಮ್ಮ ಪೈಥಾನ್ ಸ್ಕ್ರಿಪ್ಟ್ ಮಾತ್ರ ಖುಷಿಯಾಗಿ 577401 ಅಂತ ಓದಿತು. ಈಗ ಉಳಿಸುವ ಮುಂಚೆ ನಾವೇ ಬದಲಾಯಿಸುತ್ತೇವೆ. ಅವರು ಬರೆದದ್ದು ತಪ್ಪಲ್ಲ, ತಪ್ಪು ಅಂತ ಅವರಿಗೆ ಹೇಳುವುದು ನ್ಯಾಯವಲ್ಲ.

ಎರರ್ ಪುಟದಲ್ಲಿ ಒಂದು ಗುರುತಿನ ಸಂಖ್ಯೆ ಇರಬೇಕು, ಅದೇ ಸಂಖ್ಯೆ ಲಾಗ್‌ನಲ್ಲೂ ಇರಬೇಕು. ಮೊದಲು ಉದ್ದನೆಯ ಯುಯುಐಡಿ (ಅಂಕಿ, ಇಂಗ್ಲಿಷ್ ಅಕ್ಷರ ಬೆರೆತ ಗುರುತು) ಹಾಕಿದ್ದೆವು. ಫೋನಿನಲ್ಲಿ ಅದನ್ನು ಓದಿ ಹೇಳುವುದು ಯಾರಿಗೂ ಆಗಲಿಲ್ಲ. ಇಂಗ್ಲಿಷ್ ಅಕ್ಷರ ಹಾಕಿದರೆ ಬಿ, ಡಿ, ಪಿ, ಟಿ ಎಲ್ಲ ಕಿವಿಗೆ ಒಂದೇ. ಆಗ ಕನ್ನಡ ಅಕ್ಷರ ಹಾಕಿ ನೋಡೋಣ ಅನ್ನಿಸಿತು. ಮಹಾಪ್ರಾಣ ಎಲ್ಲ ತೆಗೆದೆ. ಳ, ಶ, ಷ, ಣ ತೆಗೆದೆ. ಹ ಕೂಡ ತೆಗೆಯಬೇಕಾಯಿತು, ಕೆಲವರ ಬಾಯಲ್ಲಿ ಅದು ಅ ಆಗುತ್ತದೆ. ಉಳಿದವುಗಳಲ್ಲಿ ಎರಡು ಅಕ್ಷರ, ನಾಲ್ಕು ಅಂಕಿ. "ಕಮಲದ ಕ, ಮನೆಯ ಮ, ನಲವತ್ತೆರಡು ಹದಿನೇಳು" ಅಂತ ಅಜ್ಜಿಯರೂ ಸಲೀಸಾಗಿ ಹೇಳುತ್ತಾರೆ. ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ದನಿಯಲ್ಲಿ ಎರರ್ ಹೇಳುವ ಪ್ರಯೋಗವನ್ನೂ ಮಾಡಿದೆವು. ಬಸ್ಸಿನಲ್ಲಿ ಕೂತವರ ಮೊಬೈಲ್ ಇದ್ದಕ್ಕಿದ್ದಂತೆ ಮಾತಾಡಿದರೆ ಯಾರಿಗೂ ಹಿಡಿಸುವುದಿಲ್ಲ, ಕೈಬಿಟ್ಟೆವು. ಅರ್ಧ ತುಂಬಿದ ವಿಳಾಸವನ್ನು ಬ್ರೌಸರಿನಲ್ಲೇ ಉಳಿಸಿಡುವುದು ಮಾತ್ರ ಚೆನ್ನಾಗಿ ಕೂತಿತು. ಮಳೆಗಾಲದಲ್ಲಿ ಕರೆಂಟು, ನೆಟ್ವರ್ಕು ಎರಡೂ ಹೋಗುವ ಕಡೆಯಿಂದ ಆರ್ಡರ್ ಮಾಡುವವರಿಗೆ ಅದು ಬೇಕೇ ಬೇಕು.

ಲಾಗ್‌ಗೆ ಫೋನ್ ನಂಬರ್, ವಿಳಾಸ ಹಾಕಬೇಡಿ. ಪ್ರತಿ 404ಕ್ಕೂ (ಪುಟ ಇಲ್ಲ ಅನ್ನುವ ಎರರ್) ಮೊಬೈಲ್ ಬಡಿದುಕೊಳ್ಳುವ ಹಾಗೆ ಇಟ್ಟರೆ ಎರಡೇ ವಾರದಲ್ಲಿ ಅದನ್ನು ಮ್ಯೂಟ್ ಮಾಡುತ್ತೀರಿ. ನನಗೆ ಕರೆ ಬರುವುದು ಒಂದಕ್ಕೇ: ಮೂರನೆಯ ಸ್ಥಿತಿಯಲ್ಲಿ ಆರ್ಡರ್‌ಗಳು ರಾಶಿ ಬಿದ್ದಾಗ.

ಎಲ್ಲ ಸೇರಿ ನಾನು ತಗೊಂಡದ್ದು 45 ಸಾವಿರ. ಕಳೆದ ಸೀಸನ್ನಿನಲ್ಲಿ ಎರಡು ಸಲ ಕಟ್ಟಿದವರು ನಾಲ್ಕೋ ಐದೋ ಜನ. ಫೋನ್ ಎತ್ತುತ್ತಿದ್ದ ಹುಡುಗಿ ಈಗ ಪ್ಯಾಕಿಂಗ್ ನೋಡಿಕೊಳ್ಳುತ್ತಾಳೆ, ಸಂಬಳವೂ ಏರಿದೆ. ಸರ್ವರ್ ವಾಪಸ್ 1,800ರದ್ದೇ. ಬೆಂಗಳೂರಿನ ಗೆಳೆಯ ಹೋದ ತಿಂಗಳು ಫೋನ್ ಮಾಡಿ ಆ ಪುಟದ ಸಾಲುಗಳನ್ನು ಕಳಿಸು ಅಂದ. ಕಳಿಸಿದೆ.

ಇನ್ನು ಉಳಿದಿರುವುದು ಕೊರಿಯರ್. ನಾವು ಬಳಸುವ ಕೊರಿಯರಿನ ಎಪಿಐ (ನಮ್ಮ ಸೈಟ್ ಅವರ ಸಿಸ್ಟಮ್ ಜೊತೆ ಮಾತಾಡುವ ದಾರಿ) ಸ್ಟೇಟಸ್ 200 ಕೊಟ್ಟು, ಒಳಗೆ 'ವಿಫಲ' ಅಂತ ಬರೆದು ಕಳಿಸುತ್ತದೆ. ಅದನ್ನು ನಮ್ಮ ಎರರ್‌ಗಳ ಸಾಲಿಗೆ ತರುವ ಒಂದು ಪದರ ಬರೆಯುತ್ತಿದ್ದೇನೆ. ಮುಂದಿನ ಅಪ್ಪೆಮಿಡಿ ಬರುವುದರೊಳಗೆ ಮುಗಿಸಬೇಕು.