ಪಾಲಿನ ಮಾತು ಆಮೇಲೆ, ಮೊದಲ ತುಂಡಿಗೆ ದುಡ್ಡು: ಹವ್ಯಾಸಿ ಗೇಮ್ ತಂಡಗಳ ಜೊತೆ ನನ್ನ ಅನುಭವ

ಹವ್ಯಾಸಿ ಗೇಮ್ ತಂಡಗಳಿಂದ ದುಡ್ಡು ಹುಟ್ಟುವುದಿಲ್ಲ ಅಂತ ಬೆಂಗಳೂರಿನ ಫ್ರೀಲ್ಯಾನ್ಸ್ ಪ್ರೋಗ್ರಾಮರ್‌ಗಳಲ್ಲಿ ಗಟ್ಟಿ ನಂಬಿಕೆ ಇದೆ. ನನಗೆ ಅದನ್ನು ಹೇಳದವರಿಲ್ಲ. "ಮಗಾ, ಯಾವುದಾದರೂ ಬಿಲ್ಲಿಂಗ್ ಆ್ಯಪ್ ಹಿಡಿ, ಗೇಮ್ ಎಲ್ಲ ಭಾನುವಾರಕ್ಕೆ ಇಟ್ಕೊ" ಅಂತ ಎಚ್‌ಎಸ್‌ಆರ್ ಲೇಔಟಿನಲ್ಲಿ ನನ್ನ ಪಕ್ಕದ ಟೇಬಲ್ಲಿನ ಗೆಳೆಯ ವರ್ಷಗಟ್ಟಲೆ ಹೇಳಿದ. ಈಗ ಎರಡು ವರ್ಷದಿಂದ ನನ್ನ ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ ಇಂಥ ತಂಡಗಳಿಂದಲೇ ಬರುತ್ತಿದೆ. ವಿಜಯನಗರದ ಮನೆ ಬಾಡಿಗೆ ಆ ದುಡ್ಡಿನಲ್ಲೇ ಹೋಗುತ್ತದೆ. ಹೇಗೆ ಅಂತ ಕೇಳುವವರು ಜಾಸ್ತಿ ಆದರು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪಾಲಿನ ಲೆಕ್ಕ ನೋಡೋಣ. "ಈಗ ದುಡ್ಡಿಲ್ಲ, ಗೇಮ್ ಮಾರಾಟವಾದ ಮೇಲೆ 15 ಪರ್ಸೆಂಟ್ ಕೊಡ್ತೀವಿ" ಅನ್ನುವ ಮಾತು ನೀವೂ ಕೇಳಿರುತ್ತೀರಿ. ಗೇಮಿನ ಬೆಲೆ 480 ರೂಪಾಯಿ ಅಂತಿಟ್ಟುಕೊಳ್ಳಿ, 300 ಪ್ರತಿ ಹೋಯಿತು. ಒಟ್ಟು 1,44,000. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ತನ್ನ 30 ಪರ್ಸೆಂಟ್ ತೆಗೆದರೆ ಉಳಿಯುವುದು ಒಂದು ಲಕ್ಷದ ಚಿಲ್ಲರೆ. ರಿಫಂಡ್, ತೆರಿಗೆ, ಡಿಸ್ಕೌಂಟ್ ಸೇಲ್ ಎಲ್ಲ ಕಳೆಯುವ ಮೊದಲೇ ನಮ್ಮ ಪಾಲು 15,000. ನಾಲ್ಕೈದು ತಿಂಗಳ ಸಂಜೆಗಳಿಗೆ ಇಷ್ಟು. ಅದೂ ಗೇಮ್ ಹೊರಬಂದರೆ. ನಾನು ಪಾಲಿಗೆ ಒಪ್ಪಿ ಮಾಡಿದ ಕೆಲಸಗಳಲ್ಲಿ ಹೊರಬಂದದ್ದು ಒಂದೇ. ಅದರಿಂದ ಇವತ್ತಿನವರೆಗೆ ಬಂದದ್ದು ಆರೇಳು ಸಾವಿರ ಇರಬಹುದು.

ಉಳಿದವು ಎಲ್ಲಿ ನಿಂತವು ಅನ್ನುವುದೇ ಮುಖ್ಯ. ಒಂದು ತಂಡದಲ್ಲಿ ಚಿತ್ರ ಬರೆಯುವ ಹುಡುಗಿಗೆ ಒಳ್ಳೆಯ ಕೆಲಸ ಸಿಕ್ಕಿತು, ಅಲ್ಲಿಗೆ ಮುಗಿಯಿತು. ಅವಳ ತಪ್ಪೇನೂ ಇಲ್ಲ, ಅವಳಿಗೂ ಯಾರೂ ದುಡ್ಡು ಕೊಟ್ಟಿರಲಿಲ್ಲ. ಇನ್ನೊಂದು ಓಪನ್ ವರ್ಲ್ಡ್ ಗೇಮ್, ಅಂದರೆ ದೊಡ್ಡ ಜಗತ್ತಿನಲ್ಲಿ ಬೇಕಾದ ಕಡೆ ತಿರುಗಾಡುವಂಥದ್ದು. ಮೂರು ಜನ ಇಂಜಿನಿಯರಿಂಗ್ ಹುಡುಗರು, 60 ಪುಟದ ಕಥೆ, ನಡೆದಾಡುವ ಪಾತ್ರ ಒಂದೂ ಇಲ್ಲ. ಇನ್ವೆಂಟರಿ (ಪಾತ್ರದ ಹತ್ತಿರ ಇರುವ ವಸ್ತುಗಳ ಪಟ್ಟಿ), ಸೇವ್ ಸಿಸ್ಟಮ್, ಡೈಲಾಗ್ ಎಲ್ಲ ನಾನು ಕಟ್ಟಿದೆ. ಪ್ಲೇಸ್‌ಮೆಂಟ್ ಸೀಸನ್ ಬಂತು, ತಂಡದ ಕೋಡ್ ಇಡುವ ರೆಪೊದಲ್ಲಿ ನನ್ನ ಕಮಿಟ್ (ಸೇರಿಸಿದ ಬದಲಾವಣೆ) ಬಿಟ್ಟು ಬೇರೆ ಬರುವುದು ನಿಂತಿತು. ಕೋರಮಂಗಲದ ಸಣ್ಣ ಸ್ಟಾರ್ಟಪ್ ಒಂದಂತೂ 80,000 ಒಪ್ಪಿ, 20,000 ಕೊಟ್ಟು, ಸೋರ್ಸ್, ಅಂದರೆ ಮೂಲ ಕೋಡ್, ಕೈಗೆ ಸಿಕ್ಕ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟಿತು. ಆ ವರ್ಷ ರಾಜಾಜಿನಗರದ ಒಂದು ಬಟ್ಟೆ ಅಂಗಡಿಯ ಸ್ಟಾಕ್ ಸಾಫ್ಟ್‌ವೇರ್ ಕೆಲಸ ಇರದಿದ್ದರೆ ನನಗೆ ಊಟಕ್ಕೇ ಕಷ್ಟವಾಗುತ್ತಿತ್ತು.

ಇವನ್ನೆಲ್ಲ ಜೋಡಿಸಿ ನೋಡಿದಾಗ ನನಗೆ ಕಂಡದ್ದು ಇದು. ತಂಡ ಬಡವಾಗಿದ್ದರಿಂದ ಯಾವ ಗೇಮೂ ನಿಲ್ಲಲಿಲ್ಲ. ಆ ಸ್ಟಾರ್ಟಪ್ ಬಿಟ್ಟರೆ ಯಾರೂ ತಮ್ಮ ಜೇಬಿನಿಂದ ಒಂದು ರೂಪಾಯಿ ಹಾಕಿರಲಿಲ್ಲ, ಹಾಗಾಗಿ ಬಿಟ್ಟು ಹೋಗುವುದು ಎಲ್ಲರಿಗೂ ಸುಲಭವಾಗಿತ್ತು. ಹಾಗಾದರೆ ದುಡ್ಡು ಕೇಳಬೇಕಾದ್ದು ಶುರುವಿನಲ್ಲೇ, ಅದೂ ಅವರಿಗೆ ಹೊಂದುವಷ್ಟು.

ಅಲ್ಲಿಂದ "ಮೊದಲ ತುಂಡು" ಶುರು ಮಾಡಿದೆ. ಯಾರೇ ಬರಲಿ, ಇಡೀ ಗೇಮಿನ ಮಾತು ಆಡುವುದಿಲ್ಲ. ಗೇಮಿನಲ್ಲಿ ಅತಿ ಹೆಚ್ಚು ಸಲ ನಡೆಯುವ 30 ಸೆಕೆಂಡ್ ಯಾವುದು, ಅದನ್ನು ಮಾತ್ರ ಕಟ್ಟಿ ಕೊಡುತ್ತೇನೆ. ಚಿತ್ರ ಇಲ್ಲ, ಬರೀ ಬಣ್ಣದ ಡಬ್ಬಿಗಳು. ಹತ್ತು ದಿನದ ಒಳಗೆ ಫೋನಿನಲ್ಲಿ ಆಡಬಹುದಾದ ಬಿಲ್ಡ್, ಅಂದರೆ ಹಾಕಿಕೊಂಡು ಆಡುವ ಫೈಲ್. ಇದಕ್ಕೆ ಮೊದಲು 12,000 ಕೇಳುತ್ತಿದ್ದೆ, ಆಮೇಲೆ 18,000, ಈಗ 25,000. ಅರ್ಧ ಮುಂಚೆ, ಅರ್ಧ ಬಿಲ್ಡ್ ತೋರಿಸಿದ ದಿನ. ನಾಲ್ಕು ಜನರ ತಂಡಕ್ಕೆ ತಲೆಗೆ ಆರು ಸಾವಿರದ ಮೇಲೆ ಸ್ವಲ್ಪ ಬೀಳುತ್ತದೆ. ಕೆಲಸಕ್ಕೆ ಹೋಗುವವರಿಗೆ ಅದು ಆಗದ ಮಾತಲ್ಲ.

"ಇಷ್ಟು ಕೇಳಿದರೆ ಒಬ್ಬರೂ ಬರಲ್ಲ ಗುರು" ಅಂದರು ಎಲ್ಲರೂ. ಹತ್ತು ಜನ ಕೇಳಿದರೆ ಏಳು ಜನ ಹೋಗುತ್ತಾರೆ ಅನ್ನುವುದು ನಿಜ. ಆದರೆ ಆ ಏಳು ಜನ ಮೊದಲು ನನ್ನ ನಾಲ್ಕು ತಿಂಗಳು ತಿಂದು ಹೋಗುತ್ತಿದ್ದರು. ಈಗ ಅರ್ಧ ಗಂಟೆಯ ಫೋನ್ ಮಾತಿನಲ್ಲೇ ಹೋಗುತ್ತಾರೆ. ಉಳಿದ ಮೂವರಲ್ಲಿ ಇಬ್ಬರು ಮುಂದಿನ ತುಂಡಿಗೂ ಬರುತ್ತಾರೆ. ಮೊದಲ ಫೋನಿನಲ್ಲಿ ನಾನು ಒಂದು ಪ್ರಶ್ನೆ ಕೇಳುತ್ತೇನೆ, ಅದರ ಉತ್ತರದಲ್ಲೇ ಯಾರು ಉಳಿಯುತ್ತಾರೆ ಅಂತ ಬಹುತೇಕ ಗೊತ್ತಾಗುತ್ತದೆ. ಆ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ಎಲ್ಲರೂ ಉತ್ತರ ಕಲಿತು ಬರುತ್ತಾರೆ.

ಮುಂದಿನ ತುಂಡುಗಳೂ ಹೀಗೇ. ಎರಡು ಮೂರು ವಾರಕ್ಕೆ ಒಂದು, ಪ್ರತಿಯೊಂದಕ್ಕೂ ಬೇರೆ ಬೆಲೆ, ಅಡ್ವಾನ್ಸ್ ಬಾರದೆ ಎಡಿಟರ್ ತೆರೆಯುವುದಿಲ್ಲ. ಯಾವ ತುಂಡಿನ ಕೊನೆಯಲ್ಲಿ ನಿಂತರೂ ಇಬ್ಬರಿಗೂ ಸಾಲ ಇಲ್ಲ. ಪಾಲನ್ನು ನಾನು ಪೂರ್ತಿ ಬಿಟ್ಟಿಲ್ಲ. ತಂಡ ಇಷ್ಟವಾದರೆ ಮೂರನೇ ತುಂಡಿನಿಂದ ದರದಲ್ಲಿ ಕಾಲು ಭಾಗ ಬಿಟ್ಟು, ಬಿಟ್ಟ ದುಡ್ಡಿನ ಎರಡರಷ್ಟು ಬರುವವರೆಗೆ ಪಾಲು ಅಂತ ಬರೆಸಿಕೊಳ್ಳುತ್ತೇನೆ. ಮಿತಿ ಹಾಕಿದ ಪಾಲಿಗೆ ಅವರೂ ಬೇಗ ಒಪ್ಪುತ್ತಾರೆ, ಏಕೆಂದರೆ ಜೀವನಪೂರ್ತಿ ಲೆಕ್ಕ ಕೊಡುವ ತಲೆನೋವು ಅವರಿಗೂ ಬೇಡ.

ಒಪ್ಪಂದದ ವಿಷಯಕ್ಕೆ ಬರುತ್ತೇನೆ, ಇದನ್ನು ನಮ್ಮವರು ತೀರಾ ಹಗುರವಾಗಿ ನೋಡುತ್ತಾರೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಅಂದರೆ ಸಾಹಿತ್ಯ ಕೃತಿಯ ಲೆಕ್ಕ. ಸೆಕ್ಷನ್ 17ರ ಪ್ರಕಾರ ಸಂಬಳದ ನೌಕರ ಬರೆದದ್ದು ಮಾಲೀಕನಿಗೆ ಸೇರುತ್ತದೆ. ಫ್ರೀಲ್ಯಾನ್ಸರ್ ನೌಕರ ಅಲ್ಲ, ಬೇರೆ ಒಪ್ಪಂದ ಇಲ್ಲದಿದ್ದರೆ ಕೋಡ್ ಬರೆದವನದೇ. ಸೆಕ್ಷನ್ 19 ಇನ್ನೂ ಸ್ವಾರಸ್ಯ. ಹಕ್ಕು ಬರೆದುಕೊಡುವುದು ಕಾಗದದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ, ಜಾಗ ಬರೆಯದಿದ್ದರೆ ಭಾರತ ಮಾತ್ರ ಅಂತ ಅರ್ಥ. ಸ್ಟೀಮಿನಲ್ಲಿ ಜಗತ್ತಿಗೆಲ್ಲ ಮಾರುವ ಗೇಮಿಗೆ ಇದು ಸಾಕಾ? ಸಾಲದು ಅಲ್ವಾ. ಹಾಗಾಗಿ ಸರಿಯಾದ ಕಾಗದ ತಂಡಕ್ಕೂ ಬೇಕು. ನನ್ನ ಕಾಗದ ಒಂದೂವರೆ ಪುಟ, ಜಯನಗರದ ವಕೀಲರೊಬ್ಬರಿಗೆ ನಾಲ್ಕೈದು ಸಾವಿರ ಕೊಟ್ಟು ಒಮ್ಮೆ ಬರೆಸಿದ್ದು. ಅದರಲ್ಲಿ ಮುಖ್ಯವಾದದ್ದು ಒಂದು ಸಾಲು: ಆ ತುಂಡಿನ ಕೊನೆಯ ಕಂತು ಬಂದ ದಿನ, ಜಗತ್ತಿನಾದ್ಯಂತ, ಕಾಪಿರೈಟ್ ಅವಧಿ ಪೂರ್ತಿ, ಹಕ್ಕು ತಂಡಕ್ಕೆ. ಅಲ್ಲಿಯವರೆಗೆ ಬಿಲ್ಡ್ ಮಾತ್ರ, ಸೋರ್ಸ್ ಇಲ್ಲ. ಈ ಸಾಲು ಬಂದ ಮೇಲೆ ನನ್ನ ಒಂದು ಕಂತೂ ಮುಳುಗಿಲ್ಲ.

ಇನ್ನೊಂದು ಸಾಲು ನನ್ನ ಕಿಟ್ ಬಗ್ಗೆ. ಸೇವ್, ಮೆನು, ಸೆಟ್ಟಿಂಗ್ಸ್, ಡೈಲಾಗ್, ಇನ್ವೆಂಟರಿ, ಆ ನಿಂತುಹೋದ ಗೇಮುಗಳಲ್ಲಿ ಕಟ್ಟಿದ್ದನ್ನೆಲ್ಲ ನಾನು ಬಿಸಾಡಲಿಲ್ಲ. ಹಕ್ಕು ನನ್ನದೇ ಇತ್ತಲ್ಲ, ತೊಳೆದು ಒಪ್ಪ ಮಾಡಿ ಒಂದು ಕಡೆ ಇಟ್ಟೆ. ತಂಡಕ್ಕೆ ಅದನ್ನು ಬಳಸುವ ಲೈಸೆನ್ಸ್ ಮಾತ್ರ ಕೊಡುತ್ತೇನೆ. ಹತ್ತು ದಿನದಲ್ಲಿ ಆಡುವ ಬಿಲ್ಡ್ ಹೇಗೆ ಬರುತ್ತದೆ ಅಂತ ಕೇಳುವವರಿಗೆ ಉತ್ತರ ಇದೇ. ಗಂಟೆ ಲೆಕ್ಕ ಹಾಕಿದರೆ ಮೊದಲ ತುಂಡಿನಲ್ಲಿ ನನಗೆ ಗಂಟೆಗೆ ಸಾವಿರದ ಹತ್ತಿರ ಬೀಳುತ್ತದೆ. ಕಿಟ್ ಇಲ್ಲದೆ ಅದು 400 ದಾಟುತ್ತಿರಲಿಲ್ಲ. ಕಿಟ್‌ನ ಒಳಗಿನ ಜೋಡಣೆಯನ್ನು ತೋರಿಸುವುದಿಲ್ಲ, ಅದು ನನ್ನ ಅನ್ನ.

2023ರ ಸೆಪ್ಟೆಂಬರಿನಲ್ಲಿ, ಗೇಮ್ ಕಟ್ಟುವ ಸಾಫ್ಟ್‌ವೇರ್ (ಎಂಜಿನ್) ಯೂನಿಟಿಯ ಕಂಪನಿ ಇನ್‌ಸ್ಟಾಲ್ ಲೆಕ್ಕದಲ್ಲಿ ಫೀ ಹಾಕುತ್ತೇವೆ ಅಂದಾಗ ಎಲ್ಲರೂ ಗಾಬರಿಯಾದರು. ಅದೇ ವರ್ಷ ಮಾರ್ಚಿನಲ್ಲಿ ಪುಕ್ಕಟೆ ಸಿಗುವ ಇನ್ನೊಂದು ಎಂಜಿನ್ ಗೊಡೊ 4 ಬಂದಿತ್ತು. ನಾನು ಸುಮ್ನೆ ಕಿಟ್ ಅನ್ನು ಗೊಡೊಗೆ ತಂದಿಟ್ಟೆ, ಮೂರು ವಾರ ಹಿಡಿಯಿತು. ಯೂನಿಟಿ ಒಂದು ವರ್ಷದ ನಂತರ ಆ ಫೀ ಕೈಬಿಟ್ಟಿತು. ಅಷ್ಟರಲ್ಲಿ ಯೂನಿಟಿಯಿಂದ ಗೊಡೊಗೆ ಬದಲಿಸುವ ಕೆಲಸವೇ ನನಗೆ ಎರಡು ಹೊರದೇಶದ ತಂಡ ತಂದುಕೊಟ್ಟಿತ್ತು, ಗಂಟೆಗೆ 30 ಡಾಲರ್ ಆಸುಪಾಸು.

ಗೊಡೊದಿಂದ ಇನ್ನೊಂದು ಲಾಭ ಆಯಿತು. ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಕನ್ನಡ ಹಾಕಿ ನೋಡಿದವರಿಗೆ ಗೊತ್ತು, ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. "ಅಮ್ಮ" ಅಂತ ಬರೆಯುವುದಕ್ಕೂ ಚಿತ್ರ ಮಾಡಿ ಅಂಟಿಸಬೇಕಿತ್ತು. ಗೊಡೊ 4ರ ಒಳಗೆ ಅಕ್ಷರ ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಇದೆ, ಕನ್ನಡ ಫಾಂಟ್ ಕೊಟ್ಟರೆ ಸಾಕು, ಸರಿಯಾಗಿ ಕೂರುತ್ತದೆ. ಆ ಖುಷಿಯಲ್ಲಿ ಚೌಕಾಬಾರ ಮಾಡಲು ಕೂತೆ. ಯಾರೂ ದುಡ್ಡು ಕೊಡದ ಕೆಲಸ, ನನ್ನದೇ ಆಸೆ. ನಾಲ್ಕು ಕವಡೆ, ಒಂದೊಂದೂ ಅರ್ಧಕ್ಕರ್ಧ ಬೀಳುತ್ತದೆ ಅಂದರೆ ನಾಲ್ಕೂ ಬಾಯಿ ಮೇಲಾಗಿ ಬೀಳುವ ಚೌಕ ಬರುವುದು 16ಕ್ಕೆ ಒಮ್ಮೆ, ನಾಲ್ಕೂ ಮಗುಚಿ ಬೀಳುವ ಬಾರವೂ 16ಕ್ಕೆ ಒಮ್ಮೆ. ಆಡಿ ನೋಡಿದ ಅಮ್ಮ "ಇದು ನಮ್ಮ ಕವಡೆ ಬಿದ್ದ ಹಾಗೆ ಬೀಳ್ತಿಲ್ಲ ಕಣೋ" ಅಂದರು. ಗಾಂಧಿ ಬಜಾರಿನಿಂದ ಕವಡೆ ತಂದು ಕೆಲವು ನೂರು ಸಲ ಹಾಕಿ ಬರೆದುಕೊಂಡೆ. ಅಮ್ಮ ಹೇಳಿದ್ದೇ ಸರಿ. ಅರ್ಧಕ್ಕರ್ಧ ಬರುವುದೇ ಇಲ್ಲ, ಒಂದು ಕವಡೆಗೂ ಇನ್ನೊಂದಕ್ಕೂ ವ್ಯತ್ಯಾಸ ಇದೆ. ಈಗ ನನ್ನ ಗೇಮಿನಲ್ಲಿ ನಾಲ್ಕು ಕವಡೆಗೆ ನಾಲ್ಕು ಬೇರೆ ಅಂಕಿ. ಗೇಮ್ ಇನ್ನೂ ಮುಗಿದಿಲ್ಲ, ಆದರೆ ಅದರ ತುಣುಕು ನೋಡಿಯೇ ಮೈಸೂರಿನ ತಂಡವೊಂದು ಬೋರ್ಡ್ ಗೇಮ್ ಕೆಲಸ ಕೊಟ್ಟಿತು. ನಾಲ್ಕು ತುಂಡು, ಒಟ್ಟು ಒಂದೂಕಾಲು ಲಕ್ಷದ ಹತ್ತಿರ.

ಹಾಗಾಗಿ ಪುಕ್ಕಟೆ ಕೆಲಸವೇ ಬೇಡ ಅಂತ ನಾನು ಹೇಳುವುದಿಲ್ಲ. ಜನವರಿಯ ಗ್ಲೋಬಲ್ ಗೇಮ್ ಜಾಮಿಗೆ, ಅಂದರೆ ಕೆಲವೇ ದಿನದಲ್ಲಿ ಗೇಮ್ ಕಟ್ಟುವ ಕೂಟಕ್ಕೆ, ತಪ್ಪದೆ ಕೂರುತ್ತೇನೆ. ಅಲ್ಲಿ ಎಲ್ಲರೂ ಪುಕ್ಕಟೆ, ಎಲ್ಲರಿಗೂ ಒಂದೇ ಗಡುವು. ಚಿತ್ರ ಬರೆಯುವವರು, ಸಂಗೀತದವರು ಹೇಗೆ ಕೆಲಸ ಮಾಡುತ್ತಾರೆ ಅಂತ ಒಂದು ವಾರಾಂತ್ಯದಲ್ಲಿ ಗೊತ್ತಾಗುತ್ತದೆ. ನನ್ನ ಒಳ್ಳೆಯ ತಂಡಗಳಲ್ಲಿ ಎರಡು ಅಲ್ಲಿ ಸಿಕ್ಕವು. ಮುಕ್ತಾಯ ಇಲ್ಲದ ಪುಕ್ಕಟೆ ಕೆಲಸಕ್ಕೆ ಮಾತ್ರ ನಾನು ಕೈ ಹಾಕುವುದಿಲ್ಲ.

ತೆರಿಗೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಂಕ್ ಕಾಗದ ಎಲ್ಲ ಇಟ್ಟುಕೊಳ್ಳಿ, ಹೊರದೇಶದ ದುಡ್ಡಿಗೆ ಸಾಫ್ಟ್‌ವೇರ್ ಕೆಲಸದ ಪರ್ಪಸ್ ಕೋಡ್ (ದುಡ್ಡು ಯಾವುದಕ್ಕೆ ಬಂತು ಅನ್ನುವ ಸಂಕೇತ) ಪಿ0802 ಹಾಕಿಸಿ. ಜಿಎಸ್‌ಟಿ ನೋಂದಣಿ ಇದ್ದರೆ ಎಲ್‌ಯುಟಿ, ಅಂದರೆ ರಫ್ತಿನ ಮುಚ್ಚಳಿಕೆ ಪತ್ರ, ಕೊಟ್ಟುಬಿಡಿ, ರಫ್ತಿನ ಮೇಲೆ ತೆರಿಗೆ ಕಟ್ಟಬೇಕಿಲ್ಲ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಕಾಸು ಖರ್ಚಿಲ್ಲ, ಕಂಪನಿಗಳ ಜೊತೆ ಕೆಲಸ ಮಾಡುವವರಿಗೆ ಅದು ತುಂಬಾ ಬೇಕು. ಇಂಥ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ 45 ದಿನ ದಾಟಿದ ಬಿಲ್ಲಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಇದೆ. ಇನ್‌ವಾಯ್ಸ್ ಕೆಳಗೆ ಆ ಕಾಯ್ದೆಯ ಹೆಸರನ್ನು ಒಂದು ಸಾಲಿನಲ್ಲಿ ಹಾಕುತ್ತೇನೆ. ಅಕೌಂಟ್ಸ್‌ನವರು ಮೊದಲು ಎರಡು ತಿಂಗಳು ಎಳೆಯುತ್ತಿದ್ದದ್ದು ಈಗ ಮೂರು ವಾರಕ್ಕೆ ಇಳಿದಿದೆ.

ಹೋದ ವರ್ಷ ಒಟ್ಟು 14 ಲಕ್ಷದ ಸುಮಾರು ಬಂತು, ಗೇಮ್ ತಂಡಗಳಿಂದ ಏಳರ ಹತ್ತಿರ. ಅದರಲ್ಲಿ ಪಾಲಿನಿಂದ ಬಂದದ್ದು 40,000 ಇರಬಹುದು, ಮಿತಿ ಹಾಕಿದ ಪಾಲಿನದ್ದೇ ಎಲ್ಲ. ಏಪ್ರಿಲ್‌ನಿಂದ ಮೊದಲ ತುಂಡಿಗೆ 30,000 ಮಾಡುತ್ತಿದ್ದೇನೆ. ಎರಡು ತಂಡ ಒಪ್ಪಿವೆ. ಹುಬ್ಬಳ್ಳಿಯ ಕಾಲೇಜು ಹುಡುಗರು "ಅಣ್ಣಾ, ಮೂರು ಕಂತಲ್ಲಿ ಕೊಡ್ತೀವಿ" ಅಂತ ಕೇಳಿದ್ದಾರೆ. ಮೊದಲ ಕಂತು ನಿನ್ನೆ ಕಳಿಸಿದ್ದಾರೆ, ಸೋಮವಾರ ಶುರು ಮಾಡುತ್ತೇನೆ.