ಡಯಾಲಿಸಿಸ್ ಹಚ್ಚುವ ಮೊದಲು ಮನೆಮಂದಿ ಕೂತು ಮಾತಾಡಿ

ನಮ್ಮ ಕಾಕಾ ಆಳಂದ ಕಡೆಯವರು. ಹಳೇ ಶುಗರ್. ಕಿಡ್ನಿ ಸೋಲುತ್ತಿದೆ ಅಂತ ಡಾಕ್ಟರು ಎರಡು ವರ್ಷ ಮೊದಲೇ ಹೇಳಿದ್ದರು. "ಒಮ್ಮೆ ಹಚ್ಚಿದ್ರ ಬಿಡೂದಿಲ್ಲ ಅದು, ಈಗ್ಯಾಕ ಆ ಮಾತು" ಅಂತ ಕಾಕಾ ಕಿವಿಗೇ ಹಾಕಿಕೊಳ್ಳಲಿಲ್ಲ. ನಾವೂ ಸುಮ್ನಿದ್ದೆವು. ಒಂದು ರಾತ್ರಿ ಉಸಿರು ಕಟ್ಟಿತು, ಕಲಬುರಗಿಗೆ ಓಡಿದೆವು. ಕುತ್ತಿಗೆಗೆ ಪೈಪ್ ಹಾಕಿ ಡಯಾಲಿಸಿಸ್, ಅಂದರೆ ಕಿಡ್ನಿ ಬದಲಿಗೆ ರಕ್ತ ಸೋಸುವುದು, ಶುರು ಮಾಡಿದರು. ಯಾವ ಥರದ ಡಯಾಲಿಸಿಸ್ ಬೇಕು ಅಂತ ಕೇಳಲು ಆಗ ಯಾರಿಗೂ ಪುರಸೊತ್ತಿರಲಿಲ್ಲ.

ಆ ಮಾತನ್ನು ಪುರಸೊತ್ತಿರುವಾಗಲೇ ಆಡಿ ಮುಗಿಸುವುದು ಹೇಗೆ ಅಂತ ಹೇಳುತ್ತೇನೆ.

ಮೊದಲು ರಿಪೋರ್ಟ್ ತೆಗೆದು ನೋಡಿ. ಕ್ರಿಯಾಟಿನಿನ್ ಪಕ್ಕದಲ್ಲಿ ಇಜಿಎಫ್‌ಆರ್ ಅಂತ ಒಂದು ನಂಬರ್ ಇರುತ್ತದೆ, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವುದು ಅದೇ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಅದು 30ಕ್ಕಿಂತ ಕೆಳಗೆ ಬಂದರೆ ಕಿಡ್ನಿ ಡಾಕ್ಟರ ಹತ್ತಿರ ಮಾತು ಶುರುವಾಗಬೇಕು. 15ಕ್ಕಿಂತ ಕಡಿಮೆ ಅಂದರೆ ಕೊನೆಯ ಹಂತ. ಆದರೂ ಆ ದಿನವೇ ಮಶಿನ್ ಹಚ್ಚುತ್ತಾರೆ ಅಂತಲ್ಲ. ಬಾವು, ವಾಂತಿ, ದಮ್ಮು, ಊಟ ಸೇರದಿರುವುದು ಇವನ್ನೆಲ್ಲ ನೋಡಿ ತೀರ್ಮಾನಿಸುತ್ತಾರೆ.

ಕಾಕಾನ ಭಯಕ್ಕೂ ಉತ್ತರ ಇದೆ. ಡಯಾಲಿಸಿಸ್ ಚಟ ಹಿಡಿಸುವುದಿಲ್ಲ. ಹಾವು ಕಚ್ಚಿ, ವಾಂತಿಭೇದಿಯಾಗಿ ಕಿಡ್ನಿ ದಿಢೀರನೆ ನಿಂತವರಲ್ಲಿ ಎಷ್ಟೋ ಜನ ಕೆಲವು ವಾರ ಮಾಡಿಸಿಕೊಂಡು ಬಿಟ್ಟಿದ್ದಾರೆ. ವರ್ಷಗಟ್ಟಲೆ ಸವೆದ ಕಿಡ್ನಿ ತಿರುಗಿ ಬರುವುದಿಲ್ಲ, ಅದಕ್ಕೇ ಇವರಿಗೆ ಮುಂದುವರಿಸಬೇಕಾಗುತ್ತದೆ.

ಎರಡನೆಯದು ಕೈ ಕಾಯುವುದು. ಇದನ್ನು ಬಹಳ ಮಂದಿ ಹೇಳುವುದೇ ಇಲ್ಲ. ಬಲಗೈಯವರಾದರೆ ಎಡಗೈಗೆ ಸೂಜಿ, ಸಲೈನ್ ಬೇಡ. ಮುಂದೆ ಅದೇ ಕೈಯಲ್ಲಿ ಎರಡು ಬಗೆಯ ರಕ್ತನಾಳ ಕೂಡಿಸಿ ಫಿಸ್ಟುಲಾ ಮಾಡುತ್ತಾರೆ. ಸಣ್ಣ ಆಪರೇಷನ್. ಆದರೆ ನಾಳ ದಪ್ಪಗಾಗಿ ಡಯಾಲಿಸಿಸ್ ಮಶಿನ್ನಿನ ಸೂಜಿ ತಾಳಲು 6 ವಾರದಿಂದ 3 ತಿಂಗಳು ಬೇಕು. ಅವಸರಕ್ಕೆ ಹಾಕುವ ಕುತ್ತಿಗೆ ಪೈಪಿಗೆ ನಂಜಾಗುವ ಅಪಾಯ ಜಾಸ್ತಿ. ಫಿಸ್ಟುಲಾ ಮೇಲೆ ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ನಡುಗುತ್ತಿರುತ್ತದೆ. ದಿನಾ ಮುಟ್ಟಿ ನೋಡಬೇಕು. ನಡುಕ ನಿಂತರೆ ಅವತ್ತೇ ಆಸ್ಪತ್ರೆ.

ಆಮೇಲೆ ಮಕ್ಕಳ ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ನಿಮ್ಮ ವಾರ ಬರೆಯಿರಿ. ಮಶಿನ್ ಡಯಾಲಿಸಿಸ್ ಅಂದರೆ ಸಾಮಾನ್ಯವಾಗಿ ವಾರಕ್ಕೆ 3 ಸಲ, ಸಲಕ್ಕೆ 4 ತಾಸು. ಅದಕ್ಕೆ ಬಸ್ಸಿನ ಹೊತ್ತು ಕೂಡಿಸಿ, ಮಾಡಿಸಿದ ಮೇಲಿನ ಸುಸ್ತು ಕೂಡಿಸಿ. ಜೊತೆಗೆ ಬರುವವರ ಕೂಲಿ ಎಷ್ಟು ಹೋಗುತ್ತದೆ ಅಂತಲೂ ಬರೆಯಿರಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಪುಕ್ಕಟೆ ಡಯಾಲಿಸಿಸ್ ಸಿಗಲಿ ಅಂತ ಕೇಂದ್ರದ ಯೋಜನೆ 2016ರಲ್ಲೇ ಬಂತು. ಆದರೆ ಬಸ್ ಚಾರ್ಜು, ದುಡಿಮೆ ತಪ್ಪಿದ್ದು ನಿಮ್ಮ ಲೆಕ್ಕವೇ. ತಾಲ್ಲೂಕು ಆಸ್ಪತ್ರೆಯಲ್ಲಿ ಮಶಿನ್ ಖಾಲಿ ಇದೆಯಾ ಅಂತ ಮೊದಲು ವಿಚಾರಿಸಿ. ಇನ್ನು ನೀರಿನ ಲೆಕ್ಕ. ಮೂತ್ರ ಕಡಿಮೆಯಾದವರು ಕಲಬುರಗಿಯ ಮೇ ತಿಂಗಳ ಬಿಸಿಲಲ್ಲೂ ಅಳೆದು ಕುಡಿಯಬೇಕು. ಕಷ್ಟ ಅಲ್ವಾ?

ಇನ್ನೊಂದು ಥರ ಹೊಟ್ಟೆ ಡಯಾಲಿಸಿಸ್, ಅದು ಮನೆಯಲ್ಲೇ ಆಗುತ್ತದೆ. ಹೊಟ್ಟೆಗೆ ಮೆತ್ತನೆ ನಳಿಕೆ ಇಡುತ್ತಾರೆ. ಅದರಿಂದ ಮೈಯ ಹೊಲಸು ಹೀರಿಕೊಂಡ ಹಳೆ ದ್ರವ ಇಳಿಸಿ, ಹೊಸದಾಗಿ ಸುಮಾರು 2 ಲೀಟರ್ ಬಿಟ್ಟುಕೊಳ್ಳುವುದು. ದಿನಕ್ಕೆ 3-4 ಸಲ, ಪ್ರತಿ ಸಲ ಅರ್ಧ ತಾಸು. ಕೈಯಲ್ಲೇ ಮಾಡುವುದಾದರೆ ಕರೆಂಟ್ ಬೇಡ. ಹಳ್ಳಿಯಿಂದ ಓಡಾಡುವವರು ಇದನ್ನು ಕೇಳದೇ ಬಿಡಬಾರದು ಅಂತ ನನ್ನ ಅನಿಸಿಕೆ. ಆದರೆ ಕೈ ಸೋಪು ಹಚ್ಚಿ ತೊಳೆಯಬೇಕು, ಬಾಗಿಲು ಹಾಕಬೇಕು, ಫ್ಯಾನ್ ಬಂದ್ ಮಾಡಬೇಕು. ನಮ್ಮ ಬೇಸಿಗೆಯಲ್ಲಿ ಆ ಅರ್ಧ ತಾಸು ಹೇಗಿರುತ್ತದೆ ಅಂತ ಬೇರೆ ಹೇಳಬೇಕಾ! ದಿನಕ್ಕೆ 4 ಅಂದರೆ ತಿಂಗಳಿಗೆ 120 ಚೀಲ ದ್ರವ. ಅಷ್ಟು ಚೀಲದ ಡಬ್ಬಿಗಳನ್ನು ಇಡಲು ಒಣ ಮೂಲೆ ಇದೆಯಾ ನೋಡಿ. ಹೊರಬಂದ ದ್ರವ ಮಬ್ಬಾಗಿದ್ದರೆ ನಂಜಿನ ಸೂಚನೆ, ತಡ ಮಾಡುವಂತಿಲ್ಲ.

ಕಿಡ್ನಿ ಕಸಿಯ ಮಾತನ್ನೂ ಇದೇ ಹೊತ್ತಿಗೆ ಎತ್ತಿ. ತಂದೆತಾಯಿ, ಒಡಹುಟ್ಟಿದವರು, ಗಂಡ ಹೆಂಡತಿ, ಬೆಳೆದ ಮಕ್ಕಳು ಕೊಡಬಹುದು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ತೀರಿಹೋದವರ ಅಂಗ ಹಂಚುವ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಗೆ ಹೆಸರು ಹಚ್ಚಿಸುವುದು ಹೇಗೆ ಅಂತ ಡಾಕ್ಟರನ್ನು ಕೇಳಿ. ತೀರಾ ವಯಸ್ಸಾದವರು ಡಯಾಲಿಸಿಸ್ ಬೇಡ, ನೋವು ದಮ್ಮು ಕಡಿಮೆ ಮಾಡಿ ಸಾಕು ಅನ್ನಬಹುದು. ಅದೂ ಒಂದು ಆಯ್ಕೆಯೇ. ಅವರನ್ನೇ ಕೇಳಿ, ಅವರ ಪರವಾಗಿ ಮಗ ಉತ್ತರಿಸುವುದು ಬೇಡ.

ಹೆಪಟೈಟಿಸ್ ಬಿ ಲಸಿಕೆ ಆದಷ್ಟು ಬೇಗ ಹಾಕಿಸಿ. ಮತ್ತೆ, ನೋಡಲು ಬರುವ ನೆಂಟರು ತಂಪು ಅಂತ ಎಳನೀರು ತರುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಇಂಥವರ ಹೃದಯಕ್ಕೇ ಅಪಾಯ. ತಂದವರಿಗೇ ಕುಡಿಸಿ ಕಳಿಸಿ.

ಕಾಕಾನಿಗೂ ಕೊನೆಗೆ ಎಡಗೈಯಲ್ಲಿ ಫಿಸ್ಟುಲಾ ಆಯಿತು, ಕುತ್ತಿಗೆ ಪೈಪ್ ಹೋಯಿತು. ಮೊನ್ನೆ ರಕ್ತ ತೆಗೆಯಲು ಬಂದ ಹುಡುಗಿ ಆ ಕೈಗೇ ಪಟ್ಟಿ ಕಟ್ಟಲು ಹೋದಳು. ಕಾಕಾ ತಟ್ಟನೆ ಕೈ ಎಳೆದುಕೊಂಡು ಬಲಗೈ ಚಾಚಿದ. "ಇದು ಮಶಿನ್ನಿನ ಕೈ ಅದವ್ವಾ, ಆ ಕಡೆ ಚುಚ್ಚು."