ಕೊರೆಯುವ ಚಳಿಯಲ್ಲಿ ಫೋಮ್ ಅಂಟಿಸುವುದು: ನನ್ನ ಅನುಭವ

ಶಿಕಾಗೋದಲ್ಲಿ ಸಂಕ್ರಾಂತಿ ಕಾರ್ಯಕ್ರಮದ ನಾಟಕಕ್ಕೆ ಗದೆ, ಕಿರೀಟ, ಎದೆಕವಚಗಳನ್ನು ಇವಿಎ ಫೋಮ್ (ಹವಾಯಿ ಚಪ್ಪಲಿಯಂಥ ಮೆತ್ತನೆಯ, ಬಗ್ಗುವ ವಸ್ತು) ಶೀಟಿನಲ್ಲಿ ಮಾಡುತ್ತೇನೆ. ಕವಚಕ್ಕೆ 10 ಮಿ.ಮೀ., ಕಿರೀಟಕ್ಕೆ 5 ಮಿ.ಮೀ. ದಪ್ಪದ ಶೀಟು. ಅಂಟು ಕಾಂಟ್ಯಾಕ್ಟ್ ಸಿಮೆಂಟ್. ಊರಿನಲ್ಲಿ ಸೋಫಾ, ಚಪ್ಪಲಿ ಕೆಲಸದವರು ಹಚ್ಚುವ ಹಳದಿ ರಬ್ಬರ್ ಅಂಟಿನ ಜಾತಿಯದು. ಫೆವಿಕಾಲ್ ಎಸ್‌ಆರ್ 998 ಸಹ ಇದೇ ಬಗೆ.

ಈ ಅಂಟಿನಲ್ಲಿ ರಬ್ಬರು ದ್ರಾವಕದಲ್ಲಿ ಕರಗಿರುತ್ತದೆ. ಎರಡೂ ಅಂಚುಗಳಿಗೆ ಹಚ್ಚಿ, ದ್ರಾವಕ ಆರಿದ ಮೇಲೆ ಒತ್ತಿದರೆ ರಬ್ಬರು ರಬ್ಬರನ್ನು ಕಚ್ಚಿಕೊಳ್ಳುತ್ತದೆ. ಆವಿ ಉಸಿರಿಗೆ ಕೆಟ್ಟದ್ದು, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಗ್ಯಾರೇಜಿನ ಬಾಗಿಲು ತೆರೆದೇ ಹಚ್ಚಬೇಕು. ಜನವರಿಯಲ್ಲಿ ಅಲ್ಲಿ ಶೂನ್ಯಕ್ಕಿಂತ ಕೆಳಗಿನ ಚಳಿ. ದ್ರಾವಕ ಬೇಗ ಆರುವುದಿಲ್ಲ, ರಬ್ಬರು ಗಡುಸಾಗಿ ಹಿಡಿತ ಬರುವುದಿಲ್ಲ. ಹೀಟರ್ ಹಚ್ಚುವ ಯೋಚನೆ ಬಿಟ್ಟುಬಿಡಿ. ನೆಲಮಾಳಿಗೆಯೂ ಬೇಡ: ಅಲ್ಲಿನ ಫರ್ನೇಸ್ (ಮನೆ ಬೆಚ್ಚಗಿಡುವ ಒಲೆ), ಗ್ಯಾಸ್ ಗೀಸರ್‌ಗಳಲ್ಲಿ ಉರಿ ಇರುತ್ತದೆ, ಈ ಆವಿ ಗಾಳಿಗಿಂತ ಭಾರವಾಗಿ ನೆಲದ ಮಟ್ಟದಲ್ಲೇ ಹರಿಯುತ್ತದೆ.

ಜಾಗ ತಣ್ಣಗಿದ್ದರೂ ಫೋಮ್ ಮತ್ತು ಅಂಟು ಬೆಚ್ಚಗಿದ್ದರೆ ಕೆಲಸ ಆಗುತ್ತದೆ. ಮುಚ್ಚಳ ಬಿಗಿಯಾಗಿ ಮುಚ್ಚಿದ ಡಬ್ಬವನ್ನೂ ಕತ್ತರಿಸಿದ ತುಂಡುಗಳನ್ನೂ ಹಿಂದಿನ ರಾತ್ರಿಯೇ 20 ಡಿಗ್ರಿ ಸೆಲ್ಸಿಯಸ್ಸಿನ ಕೋಣೆಯಲ್ಲಿಡಿ. ಫೋಮ್ ಶಾಖ ತಡೆಯುವ ವಸ್ತು, ದಪ್ಪ ಶೀಟಿನ ನಡುಭಾಗ ಬೆಚ್ಚಗಾಗಲು ಹೊತ್ತು ಹಿಡಿಯುತ್ತದೆ. ತಣ್ಣಗಿನ ಶೀಟು ಕುಗ್ಗಿರುವುದರಿಂದ ಅಳತೆ ತೆಗೆಯುವುದು, ಕತ್ತರಿಸುವುದು ಸಹ ಬೆಚ್ಚಗಾದ ಮೇಲೆಯೇ. ಕಿರೀಟದ ಬಾಗನ್ನು ಅಂಟು ಹಚ್ಚುವ ಮೊದಲೇ ಬಿಸಿಗಾಳಿ ಊದುವ ಹೀಟ್ ಗನ್ನಿನಿಂದ ತಂದುಕೊಳ್ಳಿ. ಹಾಗೇ ಬಗ್ಗಿಸಿ ಅಂಟಿಸಿದ ಫೋಮ್ ಮತ್ತೆ ನೆಟ್ಟಗಾಗಲು ಎಳೆಯುತ್ತದೆ, ಚಳಿಗೆ ಗಡುಸಾದಾಗ ಜೋಡಣೆ ಬಾಯಿ ಬಿಡುತ್ತದೆ. ಅಂಚುಗಳನ್ನು 120 ನಂಬರ್ ಸ್ಯಾಂಡ್ ಪೇಪರಿನಿಂದ ಉಜ್ಜಿ, ಪುಡಿ ಒರೆಸಿ.

ಗ್ಯಾರೇಜಿನಲ್ಲಿ ತೆಳುವಾಗಿ ಒಂದು ಕೋಟು. ತುಂಡುಗಳನ್ನು ಕಾಂಕ್ರೀಟ್ ನೆಲದ ಮೇಲೆ ಇಡಬೇಡಿ, ಕೆಳಗೊಂದು ಫೋಮ್ ಹಾಸಿ. ಬೇಸಿಗೆಯಲ್ಲಿ 10 ನಿಮಿಷಕ್ಕೆ ಆರುವುದು ಇಲ್ಲಿ ಅರ್ಧ ಗಂಟೆಯಾದರೂ ತೆಗೆದುಕೊಳ್ಳುತ್ತದೆ. ಮೇಲೊಂದು ಕೋಟು, ಮತ್ತೆ ಅಷ್ಟೇ ಹೊತ್ತು. ಘಾಟು ಇಳಿದ ಮೇಲೆ ಒಳಗೆ ತಂದು, ಕಿಟಕಿ ಸ್ವಲ್ಪ ತೆರೆದ ಕೋಣೆಯಲ್ಲಿಡಿ. ಅಡುಗೆಮನೆ ಬೇಡ: ಒಲೆಯ ಉರಿಯಿದೆ, ಜೊತೆಗೆ ತಣ್ಣಗಿನ ಅಂಟಿನ ಮೇಲೆ ಹಬೆ ಕೂತು ಬಿಳಿ ಮಂಜು ಕಟ್ಟುತ್ತದೆ. ಆ ಮಂಜಿನ ಮೇಲೆ ಒತ್ತಿದರೆ ಮರುದಿನ ಸಿಪ್ಪೆಯಂತೆ ಕಿತ್ತುಬರುತ್ತದೆ.

ವಾಸನೆ ಪೂರ್ತಿ ಹೋಗಿ, ಬೆರಳ ಹಿಂಬದಿ ತಾಗಿಸಿದರೆ ಎಳೆ ಬರದಿದ್ದಾಗ ಎರಡೂ ಅಂಚುಗಳಿಗೆ ಹೇರ್ ಡ್ರೈಯರ್ ಹಿಡಿಯಿರಿ. ಒಣಗಿದ ರಬ್ಬರು ಮತ್ತೆ ಮೆದುವಾಗಿ ಹಿಡಿಯುವ ಗುಣ ಪಡೆಯುತ್ತದೆ. ಶೂ ಕಾರ್ಖಾನೆಗಳಲ್ಲಿ ಅಟ್ಟೆ ಕೂರಿಸುವುದೂ ಅಂಟನ್ನು ಹೀಗೆ ಬಿಸಿ ಮಾಡಿಯೇ. ವಾಸನೆ ಉಳಿದಿದ್ದರೆ ಡ್ರೈಯರ್ ಮುಟ್ಟಲೇಬೇಡಿ. ಒಮ್ಮೆ ತಾಗಿದರೆ ಸರಿಸಲು ಬಾರದು. ನಡುವೆ ಬೇಕಿಂಗ್ ಪೇಪರ್ ಇಟ್ಟು ಒಂದು ತುದಿಯಿಂದ ಎಳೆಯುತ್ತಾ ಒತ್ತಿಕೊಂಡು ಹೋಗಿ.

ಅಂಟಿನ ಕಡ್ಡಿಯನ್ನು ಬಿಸಿಯಿಂದ ಕರಗಿಸಿ ಹಚ್ಚುವ ಗ್ಲೂ ಗನ್ ಸುಲಭವೆನಿಸುತ್ತದೆ, ಆದರೆ ತಣ್ಣಗಿನ ಫೋಮ್ ತಾಗಿದೊಡನೆ ಅಂಟು ಮೇಲ್ಮೈಯಲ್ಲೇ ಗಟ್ಟಿಯಾಗಿ ಒಳಗೆ ಇಳಿಯುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಹೆಪ್ಪುಗಟ್ಟುವ ಚಳಿಗೆ ಸಿಕ್ಕರೆ ಪಟ್ಟನೆ ಬಿಡುತ್ತದೆ. ಫೆವಿಕ್ವಿಕ್‌ನಂಥ ಸೂಪರ್ ಗ್ಲೂ ಗಟ್ಟಿಯಾಗಲು ಗಾಳಿಯ ತೇವ ಬೇಕು. ಹೀಟರ್ ಓಡುವ ಮನೆಯ ಒಣಗಾಳಿಯಲ್ಲಿ ಅದು ನಿಧಾನ, ಬಗ್ಗುವ ಜಾಗದಲ್ಲಿ ಬಿರುಕು ಬಿಡುತ್ತದೆ. ಕಿರೀಟದ ಮಣಿಗಳಿಗಷ್ಟೇ ಅದನ್ನು ಬಳಸುತ್ತೇನೆ.

ಥರ್ಮೋಕೋಲ್ ಆದರೆ ಲೆಕ್ಕವೇ ಬೇರೆ. ಕಾಂಟ್ಯಾಕ್ಟ್ ಸಿಮೆಂಟ್, ಸೂಪರ್ ಗ್ಲೂ ಎರಡೂ ಅದನ್ನು ತಿಂದುಹಾಕುತ್ತವೆ. ಬಿಳಿ ಫೆವಿಕಾಲ್ ಮಾದರಿಯ ಅಂಟೇ ಬೇಕು, ಅದೂ ಬೆಚ್ಚಗಿನ ಕೋಣೆಯಲ್ಲಿ. ತೀರಾ ತಣ್ಣಗಿದ್ದರೆ ಒಣಗಿದ ಮೇಲೆ ಸುಣ್ಣದಂತೆ ಪುಡಿಯಾಗುತ್ತದೆ. ಗಾಳಿ ಆಡದ ನಡುಭಾಗ ಬಹಳ ಹೊತ್ತು ಹಸಿಯಾಗಿಯೇ ಉಳಿಯುವುದರಿಂದ ತೆಳುವಾಗಿ ಹಚ್ಚಿ, ಹಲ್ಲುಕಡ್ಡಿ ಚುಚ್ಚಿ ನಿಲ್ಲಿಸಿ. ಈ ಅಂಟನ್ನಾಗಲಿ ನೀರು ಆಧಾರಿತ ಕಾಂಟ್ಯಾಕ್ಟ್ ಸಿಮೆಂಟನ್ನಾಗಲಿ ಗ್ಯಾರೇಜಿನಲ್ಲಿ ಬಿಡಬೇಡಿ, ಒಮ್ಮೆ ಹೆಪ್ಪುಗಟ್ಟಿದರೆ ಗಂಟುಗಂಟಾಗಿ ಕೆಡಬಹುದು.

ಅಂಟಿಸಿದ ಗದೆ 24 ಗಂಟೆ ಮನೆಯೊಳಗೇ ಇರಲಿ. ಸಭಾಂಗಣಕ್ಕೆ ಒಯ್ಯುವಾಗ ಕಾರಿನ ಹೀಟರ್ ಮೊದಲೇ ಹಾಕಿ, ಸೀಟಿನ ಮೇಲಿಟ್ಟುಕೊಂಡು ಹೋಗಿ.